ಬಾಣ ಮತ್ತು ಅಂಕಿ

ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಗಣಿತ ಪಾಠ ಮಾಡುವ ಮಗಳು, ಮಗ್ಗದಲ್ಲಿ ಬಟ್ಟೆ ನೇಯುವ ಅವಳ ತಾಯಿ. ನಾನೇನೂ ಕದ್ದು ಕೇಳಲಿಲ್ಲ, ಅವರ ದನಿಯೇ ದೊಡ್ಡದು.

"ಪತ್ರ ಯಾರಿಗೆ?"

"ಪ್ರಕಾಶಕರಿಗೆ. ಗಣಿತದ ಪುಸ್ತಕ ನಾನೊಬ್ಬಳೇ ಬರೀತೀನಿ ಅಂತ. ಜೊತೆಗೆ ಬರೀತಿದ್ನಲ್ಲ, ಅವನ ಸಹವಾಸ ಸಾಕಮ್ಮ."

"ಏನಂತೆ ಅವನದು?"

"ವೆಕ್ಟರ್ ಅಂದ್ರೆ ಬಾಣ ಅಂತೀನಿ ನಾನು. ಅಲ್ಲ, ಅಂಕಿಗಳ ಪಟ್ಟಿ ಅಂತಾನೆ."

"ಯಾವುದು ಸರಿ?"

"ಎರಡೂ. ಅಳೆಯೋ ದಿಕ್ಕು ಬದಲಾಯಿಸಿದ್ರೆ ಅಂಕಿ ಬದಲಾಗುತ್ತೆ, ಬಾಣ ಹಾಗೇ ಇರುತ್ತೆ. ಆದ್ರೆ ಅಂಕಿ ಇಲ್ದೆ ಲೆಕ್ಕ ನಡೆಯಲ್ಲ."

"ಮತ್ತೆ ಒಪ್ಕೋ."

"ಒಪ್ಕೊಂಡ್ರೆ ಸುಮ್ನಿರ್ತಾನಾ? ಪುಟಪುಟಕ್ಕೂ ತಗಾದೆ ತೆಗೀತಾನೆ."

"ಹಾಸೂ ಹೊಕ್ಕೂ ಒಂದೇ ಕಡೆ ಓಡಿದ್ರೆ ಮಗ್ಗದಲ್ಲಿ ಏನು ಬರುತ್ತೆ ಹೇಳು?"

"ಬರೀ ನೂಲಿನ ಕಂತೆ. ನಮ್ಮ ಗಣಿತದಲ್ಲೂ ಅಷ್ಟೇ. ಎರಡು ಬಾಣ ಒಂದೇ ದಿಕ್ಕಿಗಿದ್ರೆ ಬರೀ ಗೆರೆ. ಬೇರೆ ಬೇರೆ ದಿಕ್ಕಿಗಿದ್ರೇ ಅಗಲ ಬರೋದು."

"ಇದು ಪುಸ್ತಕದಲ್ಲಿದೆಯಾ?"

"ಮೂರನೇ ಪಾಠ."

"ಬರೆದೋರು?"

"ಅವನೇ."

ಕಿಟಕಿಯ ಗುಮಾಸ್ತ ಕೈ ಚಾಚಿದ. ಮಗಳು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಸಾಲು ಬಿಟ್ಟಳು. ಬಾಗಿಲ ಹತ್ತಿರ ಅವಳ ದನಿ ಮತ್ತೆ ಏರಿತು.

"ಆದ್ರೂ ಅಂಕಿನೇ ಮೊದಲು ಅನ್ನೋದು ತಪ್ಪಮ್ಮ!"

"ನನಗ್ಯಾಕೆ ಹೇಳ್ತೀಯ? ಹೋಗಿ ಅವನಿಗೆ ಹೇಳು."