ಕೆರೆದಂಡೆ ರಂಗಮಂದಿರದ ಐವರು ರಾಜರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ನಾಗರತ್ನಮ್ಮನವರೇ, ವೇದಿಕೆಯ ಮೇಲಿರುವ ಹಿರಿಯರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ, ದಯವಿಟ್ಟು ಒರಗಬೇಡಿ. ಗೋಡೆ ಕೆಡವಲು ನಾಳೆ ಜೆಸಿಬಿ ಬರುತ್ತದೆ. ಅದರ ಕೆಲಸ ನಿಮಗೇಕೆ?

ತೊಂಬತ್ತು ವರ್ಷದ ಈ ಕೆರೆದಂಡೆ ರಂಗಮಂದಿರವನ್ನು ಬೀಳ್ಕೊಡಲು ಇಷ್ಟು ಜನ ಬಂದಿದ್ದೀರಿ. ನಾಟಕಕ್ಕೆ ಬಂದಿದ್ದರೆ ಬೀಳ್ಕೊಡುವ ಪ್ರಮೇಯವೇ ಇರುತ್ತಿರಲಿಲ್ಲ! ಒಂದು ಕಾಲದಲ್ಲಿ ಶಿರಾದಿಂದ, ಮಧುಗಿರಿಯಿಂದ ಬಸ್ಸು ತುಂಬಿ ಬರುತ್ತಿದ್ದರು. ಪಾವಗಡದವರು ಮೆಚ್ಚಿ ತೆಲುಗಿನಲ್ಲಿ ‘ಬಾಗುಂದಿ, ಬಾಗುಂದಿ’ ಎಂದು ಕೂಗಿದರೆ ಕೆರೆಯ ಕೊಕ್ಕರೆಗಳು ಎದ್ದು ಹಾರುತ್ತಿದ್ದವು. ಇದನ್ನು ಹಾಳು ಮಾಡಿದ್ದು ಯಾರು? ನನಗಿಂತ ಮೊದಲು ಮಾತಾಡಿದವರು ಟೀವಿ ಎಂದರು, ಮೊಬೈಲು ಎಂದರು. ಮೂವತ್ತು ವರ್ಷ ಕಲಾ ಸಂಘದ ಕಾರ್ಯದರ್ಶಿಯಾಗಿದ್ದ ಈ ಗಂಗಾಧರಯ್ಯನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ದೊಡ್ಡ ಮನಸ್ಸು ನಿಮ್ಮದು.

ಎಂಟು ವರ್ಷದ ಹಿಂದಿನ ಕೊನೆಯ ಹಗಲು ನಾಟಕ ನೆನಪಿದೆಯೇ? ರಾಜನ ಪಾರ್ಟು ಬೇಕೆಂದು ಐದು ಜನ ಹಟ ಹಿಡಿದೆವು. ಹೌದು, ನಾನೂ ಸೇರಿ. ಯಾರ ಮನಸ್ಸೂ ನೋಯಬಾರದೆಂದು ರಾಜನನ್ನು ಐದು ಪಾಲು ಮಾಡಿ, ಕೊನೆಯದನ್ನು ನಾನಿಟ್ಟುಕೊಂಡೆ. ಮೊದಲ ದೃಶ್ಯದಲ್ಲಿ ಗಿರಿಜಾ ಮೀಸೆಯ ರಾಜ, ಎರಡನೆಯದರಲ್ಲಿ ಮೀಸೆಯೇ ಇಲ್ಲದ ರಾಜ. ರಾಣಿ ಪಾರ್ಟಿಗೆ ತುಮಕೂರಿನಿಂದ ಕರೆಸಿದ್ದ ಸುನಿತಾ ಪರದೆಯ ಹಿಂದೆ ಬಂದು, ‘ಸಾರ್, ಈಗ ನಮ್ ಯಜಮಾನ್ರು ಯಾರು?’ ಎಂದು ಕೇಳಿದರು. ಒಬ್ಬೊಬ್ಬ ರಾಜನ ನೆಂಟರೂ ನಾಟಕದ ನಡುವೆಯೇ ಮೇಲೆ ಬಂದು, ಹಾರ ಹಾಕಿ, ಫೋಟೊ ತೆಗೆಸಿ, ತಮ್ಮ ರಾಜನನ್ನು ಊಟಕ್ಕೆ ಕರೆದುಕೊಂಡು ಹೊರಟರು. ಹೊತ್ತಾಯಿತೆಂದು ಸುನಿತಾ ಕೂಡ ಕೊನೆಯ ಬಸ್ಸು ಹಿಡಿದರು.

ಐದನೆಯ ರಾಜನಾಗಿ ನಾನು ಬಂದಾಗ ಕೆಳಗೆ ಕೂತಿದ್ದದ್ದು ನನ್ನ ಹೆಂಡತಿ ಓಬಳಮ್ಮ ಒಬ್ಬಳೇ. ‘ರಾಣಿ ಇಲ್ಲ ಕಣೇ, ಮನೆಗೆ ಹೋಗಾನ’ ಎಂದೆ. ‘ನಿನ್ ಮಾತು ನೀನು ಹೇಳು, ನೋಡಾನ’ ಎಂದಳು. ಹೇಳಿದೆ. ಕೂತಲ್ಲಿಂದಲೇ ರಾಣಿಯ ಮಾತು ಬಂತು. ಒಂದಕ್ಷರ ತಪ್ಪಲಿಲ್ಲ. ಎರಡು ಕಡೆ ನಾನೇ ಮರೆತಾಗ ನನ್ನ ಮಾತನ್ನೂ ಅವಳೇ ಎತ್ತಿಕೊಟ್ಟಳು.

ಮರುವರ್ಷ ಆಡಲು ಎಲ್ಲರೂ ಒಪ್ಪಿದರು, ನೋಡಲು ಯಾರೂ ಒಪ್ಪಲಿಲ್ಲ. ಬಾಗಿಲು ಹಾಕಿದೆವು.

ಮದುವೆಯಾದ ಹೊಸದರಲ್ಲಿ ಓಬಳಮ್ಮ, ‘ನಂಗೂ ಒಂದು ಪಾರ್ಟು ಕೊಡು’ ಎಂದು ಕೇಳಿದ್ದಳು. ‘ಊರ ಹೆಂಗಸ್ರು ಬಣ್ಣ ಹಚ್ಚಂಗಿಲ್ಲ, ಸುಮ್ಕಿರು’ ಎಂದಿದ್ದೆ. ರಾಜನಿಗೆ ಐದು ಜನ ಸಿಕ್ಕ ಊರಿನಲ್ಲಿ, ಮನೆಯಲ್ಲೇ ಇದ್ದ ರಾಣಿ ನನಗೆ ಕಾಣಲಿಲ್ಲ. ತಪ್ಪು ಮಾಡಿದೆ. ಇದನ್ನು ಅವಳಿಗೆ ಇವತ್ತಿನವರೆಗೂ ಹೇಳಿರಲಿಲ್ಲ.

ಅಧ್ಯಕ್ಷರೇ, ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಹತ್ತು ನಿಮಿಷವಿದೆ. ಅದು ಅವಳದು. ಓಬಳಮ್ಮ, ಹಿಂದೆ ತಿರುಗಿ ನೋಡಬೇಡ, ನಿನ್ನನ್ನೇ ಕರೆದದ್ದು. ಮೇಲೆ ಬಾ, ರಾಣಿಯ ಮಾತು ಹೇಳು. ಸಭಿಕರೇ, ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ನಿಮಗೆಲ್ಲ ಕೃತಜ್ಞತೆಗಳು. ಇನ್ನು ಹತ್ತು ನಿಮಿಷ ಯಾರೂ ಏಳಬೇಡಿ. ನಾನೂ ಕೆಳಗೆ ಬಂದು ನಿಮ್ಮ ಜೊತೆ ಕೂರುತ್ತೇನೆ. ನಮಸ್ಕಾರ.