ಜ್ವರ ಬಿಟ್ಟ ಮೇಲೆ ಸುಮನ ಕಾಲು

ಅಲ್ಲ, ಬರೀ ಉಳುಕು ಅಂತಲ್ಲ, ಸೊಂಟ ಹಿಡಿದೋರೂ ನನ್ನ ಹತ್ರಾನೇ ಬರ್ತಿದ್ರು ಕಣ್ರೋ. ನಾನು ಕಾಲು ಮುಂದಾಗಿ ಹುಟ್ಟಿದೋನು, ಅಂಥೋರ ಕಾಲು ಸೋಕಿದ್ರೆ ಉಳುಕು ಬಿಡುತ್ತೆ, ಗೊತ್ತಲ್ಲ? ಕಮ್ಮರಡೀಲಿ ಬಸ್ ಡ್ರೈವರೊಬ್ಬ ಜನ ತುಂಬಿದ ಗಾಡಿ ನಿಲ್ಸಿ, ಇಳಿದು ಬಂದು, ಬೆನ್ನಿಗೆ ಒದೆಸ್ಕೊಂಡು ಹೋಗ್ತಿದ್ದ! ಇಡೀ ಕೊಪ್ಪ ತಾಲ್ಲೂಕಲ್ಲಿ ಇಂಥ ಕಾಲು ಇನ್ನೊಂದಿಲ್ಲ. ಇರ್ಲಿ, ಸುಮನ ವಿಷಯಕ್ಕೆ ಬಂದೆ. ನಿಮ್ಮಕ್ಕ ಸುಮ ಆಗ ಒಂದನೇ ಕ್ಲಾಸು, ಅಲ್ಲಲ್ಲ, ಎರಡನೇದು; ನೀವಿನ್ನೂ ಹುಟ್ಟಿರ್ಲಿಲ್ಲ. ಊರಿಗೆಲ್ಲ ಶೀತಜ್ವರ. ಇವಳಿಗೂ ಬಂತು, ಬಿಡ್ತು. ಸರಿಹೋಯ್ತು ಅಂದ್ಕೊಂಡ್ರೆ, ಬೆಳಿಗ್ಗೆ ಹಾಸಿಗೆ ಬಿಟ್ಟು ಎದ್ದವಳು ದಡ್ ಅಂತ ಕೂತ್ಲು. "ಮಾಮ, ಕಾಲು ಊರಕ್ಕಾಗಲ್ಲ!" "ಶಾಲೆ ತಪ್ಪಿಸೋ ನಾಟ್ಕ ನನ್ನತ್ರ ಬೇಡ" ಅಂದೆ. ಎತ್ತಿ ನಿಲ್ಸಿದ್ರೆ ತುದಿಗಾಲಲ್ಲಿ ನಿಂತು ಅಳ್ತಾಳೆ. ನಿಮ್ಮಜ್ಜಿ, "ಎಂತ ನೋಡ್ತೀಯ ಮಾರಾಯ, ಊರವರಿಗೆಲ್ಲ ಒದೀತೀಯ, ಮನೆ ಕೂಸಿಗೊಂದು ಒದಿ!" ಅಂದ್ರು. ಎತ್ತಿದೆ ಕಾಲು. ಸೋಕಿತ್ತೋ ಇಲ್ವೋ, ಎಂಥಾ ಕಿರುಚಾಟ ಅಂತೀರಿ! ಮುಟ್ಟಿ ನೋಡಿದ್ರೆ ಎರಡೂ ಮೀನಖಂಡ ಕಲ್ಲು. ಎರಡೂ ಕಾಲಿಗೆ ಒಟ್ಟಿಗೆ ಉಳುಕು ಬರುತ್ತೇನ್ರೋ? "ಇದು ಉಳುಕಲ್ಲಮ್ಮ" ಅಂದವನೇ ಅವಳನ್ನ ಎತ್ಕೊಂಡು ಬಸ್ ಹತ್ತಿದೆ. ನಿಮ್ಮಮ್ಮ ಪಕ್ಕದಲ್ಲಿ ಕೂತು ಒಂದೇ ಮಾತು: "ಇವಳು ಇನ್ನು ನಡೀತಾಳೇನೋ?" ನಾನು ಬಸ್ ಕುಲುಕಿದಾಗೆಲ್ಲ ಅವಳ ಕಾಲನ್ನ ತೊಡೆ ಮೇಲೆ ಅಲ್ಲಾಡದ ಹಾಗೆ ಹಿಡ್ಕೊಂಡೆ.

ಕೊಪ್ಪದ ಡಾಕ್ಟ್ರಮ್ಮ ಕಾಲು ಒತ್ತಿ, ಮಂಡಿ ತಟ್ಟಿ, ರಕ್ತ ತೆಗೆಸಿ ನೋಡಿದ್ರು. "ಜ್ವರದ ವೈರಸ್ ಮೇಲೆ ಮೈ ಯುದ್ಧಕ್ಕೆ ಹೋಗಿತ್ತು. ವೈರಸ್ ಹೋಯ್ತು, ಮೈಗಿನ್ನೂ ಸಿಟ್ಟಿಳಿದಿಲ್ಲ. ಮೀನಖಂಡಕ್ಕೆ ಉರಿಯೂತ. ಕೆಲವು ಮಕ್ಕಳಿಗೆ ಹೀಗಾಗುತ್ತೆ, ತಾನಾಗೇ ಇಳಿಯುತ್ತೆ." "ಇಂಜೆಕ್ಷನ್ ಡಾಕ್ಟ್ರೇ?" "ಬೇಡ. ಎಣ್ಣೆ ತಿಕ್ಕೋದೂ ಬೇಡ. ಮಲಗಿಸಿ, ನೀರು ಚೆನ್ನಾಗಿ ಕುಡಿಸಿ. ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಮಾತ್ರ ಕಿಡ್ನಿಗೆ ಅಪಾಯ, ಆ ಗಳಿಗೇಲೇ ಕರ್ಕೊಂಬನ್ನಿ." ಆಯ್ತಪ್ಪ, ನನ್ನಂಥ ಗಂಡಸಿಗೆ ಕೂಸು ಉಚ್ಚೆ ಹೊಯ್ದಾಗೆಲ್ಲ ಬಗ್ಗಿ ಬಣ್ಣ ನೋಡೋದೇ ಕೆಲಸ! "ಥೂ ಮಾಮ, ಆಚೆ ಹೋಗು" ಅಂತ ಅವಳು ಬೈಯೋದು. ಮೂರೋ ನಾಲ್ಕೋ ದಿನ ಹೀಗೇ. ಒಂದು ಮಧ್ಯಾಹ್ನ ಬೆಕ್ಕು ಹಾಲಿಗೆ ಬಾಯಿ ಹಾಕ್ತು ನೋಡಿ, "ಹಚ್ಚಾ!" ಅಂತ ಎದ್ದು ಓಡಿದ್ಲು. ಓಡಿದ ಮೇಲೆ ಅವಳಿಗೇ ನೆನಪಾಗಿ, ನಿಂತು ತನ್ನ ಕಾಲು ನೋಡ್ಕೊಂಡ್ಲು. ನಾವೂ ನೋಡಿದ್ವಿ. ಅಷ್ಟು ಸಣ್ಣ ಮೈ, ಅದರೊಳಗೆ ಒಂದು ದೊಡ್ಡ ಜಗಳ, ಅದಕ್ಕೆ ಸಾಕು ಅಂತ ಹೇಳಿದ್ಯಾರು? ಇವತ್ತಿಗೂ ನೆನೆಸಿದ್ರೆ ಮೈ ಜುಂ ಅನ್ನುತ್ತೆ. ಜ್ವರ ಬಿಡ್ತು ಅಂತ ಕೂಸಿನ ಮೇಲಿನ ಕಣ್ಣು ತೆಗೀಬಾರ್ದು, ಅಷ್ಟೇ. ಏಳಿ, ಉಂಡ ಕೈ ಒಣಗೋಯ್ತು, ತೊಳೀರಿ.