ಕರೆಂಟ್ ಕೊಡುವಾಗ ಕರಡಿಗೆ

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ವಯಸ್ಸಾದ ಗಂಡಹೆಂಡತಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಪ್ರಾಸ್ಟೇಟ್ ಕ್ಯಾನ್ಸರಿಗೆ ಎರಡು ಥರ ರೇಡಿಯೇಷನ್ ಕರೆಂಟ್ ಕೊಡ್ತಾರಂದ್ರಲ್ರೀ ಡಾಕ್ಟ್ರು. ಯಾವುದು ಅಂತೀರಿ?”

“ಒಳಗೆ ಸೂಜಿ ಹಾಕಿ ಕೊಟ್ರೆ ಬೇಗ ಮುಗಿತೈತೆ. ಆದ್ರೆ ಎಚ್ಚರ ತಪ್ಪಿಸ್ತಾರೆ, ಕೊರಳಾಗಿನ ಲಿಂಗ ತೆಗೀರಿ ಅಂತಾರೆ.”

“ತೆಗೀರಿ. ಆಮ್ಯಾಲೆ ಕಟ್ಕಂಡ್ರಾತು.”

“ಎಚ್ಚರಾನೇ ಆಗ್ಲಿಲ್ಲಾಂದ್ರೆ? ಕೊರಳಾಗೆ ಲಿಂಗ ಇಲ್ದೆ ಹೋಗ್ಲೇನು?”

“ಹಂಗಾರೆ ಹೊರಗಿಂದ್ಲೇ ಕೊಡಿಸ್ಕಳ್ರಿ. ದಿನಾ ಹೋಗಬೇಕಾದ್ರೂ ಎಚ್ಚರ ಇರ್ತೈತೆ. ಅಲ್ಲೂ ತೆಗೀರಿ ಅಂದ್ರೆ, ಲಿಂಗದ ಕರಡಿಗೆ ಹಿಡ್ಕಂಡು ನಾನು ಪಕ್ಕದಾಗೆ ನಿಂತಿರ್ತೀನಿ.”

“ಒಳಗೆ ಯಾರನ್ನೂ ಬಿಡಲ್ವಂತೆ ಕಣೇ. ಬಾಗಿಲು ಹಾಕ್ಕಂತಾರಂತೆ.”

“ಬಾಗಿಲ ಹತ್ರ ನಿಂತಿರ್ತೀನಿ. ನೀವು ಕೂಗಿದ್ರೆ ಹೊರಗೆ ಕೇಳಿಸ್ತೈತಾ? ಡಾಕ್ಟ್ರನ್ನ ಕೇಳಿದ್ರೇನ್ರೀ?”

ಹರಿಹರ ಬಂತು. ಯಜಮಾನರು ಎದ್ದು, ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡು ಇಳಿದರು.